ಕೇಳಿಸಿದ ಮೇಲೆ ಕಾಣಿಸಲಿ: ಒಂದೇ ಪುಟ ಕಟ್ಟಿ ಫ್ರಂಟ್‌ಎಂಡ್ ಕಲಿಯುವ ಬಗೆ

(ಹೆಜಮಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಎಂದರೆ ಹಳಗನ್ನಡ ಕಾವ್ಯ, ದಾಸರ ಪದ, ಪಾಡ್ದನ ಇಂಥ ವಿಷಯಗಳನ್ನು ನಿರೀಕ್ಷಿಸಿ ಬಂದವರು ಸಭೆಯಲ್ಲಿ ಹಲವರಿದ್ದೀರಿ. ಈ ಸಲ ಊರಿನ ಮಕ್ಕಳ ಹೊಟ್ಟೆಪಾಡಿಗೂ ಆಗುವಂಥದ್ದು ಇರಲಿ ಎಂದು ದತ್ತಿಯವರು ಬಯಸಿದರು. ಹಾಗಾಗಿ ಜಾಲತಾಣ ಕಟ್ಟುವ ಕೆಲಸ, ಅದರಲ್ಲೂ ‘ಫ್ರಂಟ್‌ಎಂಡ್’ ಎನ್ನುವ ಭಾಗದ ಕಲಿಕೆಯ ಬಗ್ಗೆ ಮಾತಾಡುತ್ತೇನೆ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಒಂದು ಪುಟ ತೆರೆದಾಗ ನಮ್ಮ ಕಣ್ಣಿಗೆ, ಕಿವಿಗೆ, ಬೆರಳಿಗೆ ಸಿಗುವುದೆಲ್ಲ ಫ್ರಂಟ್‌ಎಂಡ್. ಮಾಹಿತಿ ಕಾಪಿಡುವ, ಲೆಕ್ಕ ಹಾಕುವ ಕೆಲಸ ದೂರದ ಸರ್ವರಿನಲ್ಲಿ ನಡೆಯುತ್ತದೆ. ಅದು ಇಂದಿನ ವಿಷಯವಲ್ಲ.

ಈ ಕೆಲಸ ನಮ್ಮ ಕರಾವಳಿಗೆ ಹೊಸದಲ್ಲ. ಮಣಿಪಾಲದ ಇಂಜಿನಿಯರಿಂಗ್ ಕಾಲೇಜು 1957ರದು. ಉಡುಪಿಯಲ್ಲೇ 1996ರಲ್ಲಿ ಹುಟ್ಟಿದ ರೋಬೋಸಾಫ್ಟ್, ಬೆಂಗಳೂರಿಗೆ ಹೋಗದೆಯೂ ಸಾಫ್ಟ್‌ವೇರ್ ಮಾಡಬಹುದು ಎಂದು ತೋರಿಸಿತು. ಹೆಜಮಾಡಿ, ಪಡುಬಿದ್ರಿ, ಮೂಲ್ಕಿಯ ಎಷ್ಟೋ ಮಕ್ಕಳು ಇಂದು ದಿನಾ ಬಸ್ಸು ಹಿಡಿದು ಇಂಥ ಕಲಿಕೆಗೆ ಹೋಗುತ್ತಾರೆ. ಹೋದವರು ಕಲಿಯುವ ಕ್ರಮ ಹೆಚ್ಚುಕಡಿಮೆ ಒಂದೇ. ಯೂಟ್ಯೂಬಿನಲ್ಲಿ ಒಂದು ವಿಡಿಯೊ ನೋಡುತ್ತಾರೆ. ಅದರಲ್ಲಿ ತೋರಿಸುವ ಕಾಫಿ ಅಂಗಡಿಯದೋ ಶೂ ಕಂಪನಿಯದೋ ‘ಲ್ಯಾಂಡಿಂಗ್ ಪೇಜ್’ ಅನ್ನು, ಅಂದರೆ ಬಂದವರು ಮೊದಲು ಇಳಿಯುವ ಒಂದೇ ಪುಟವನ್ನು, ನೋಡಿ ನೋಡಿ ಟೈಪು ಮಾಡುತ್ತಾರೆ. ಬಣ್ಣ, ನೆರಳು, ಜಾರುವ ಚಿತ್ರ ಎಲ್ಲ ಬಂದ ಮೇಲೆ, ಸಮಯ ಉಳಿದರೆ, ‘ಆಕ್ಸೆಸಿಬಿಲಿಟಿ’ ಎಂಬ ಕೊನೆಯ ಪಾಠ. ಕಣ್ಣು ಕಾಣದವರು, ಕೈ ನಡುಗುವವರು, ವಯಸ್ಸಾದವರು, ಕಿವಿ ಕೇಳದವರು, ಇವರೆಲ್ಲ ಬಳಸುವಂತೆ ಪುಟ ಮಾಡುವ ಆ ಸುಗಮ್ಯತೆಯ ಪಾಠಕ್ಕೆ ಸಮಯ ಉಳಿಯುವುದೇ ಇಲ್ಲ.

ನನ್ನ ಮಾತು ಈ ಕ್ರಮವನ್ನು ತಿರುಗಿಸಿ ಎನ್ನುವುದು. ಸುಗಮ್ಯತೆ ಕೊನೆಯ ಪಾಠವಲ್ಲ, ಅದೇ ಪಠ್ಯಕ್ರಮ. ಕಣ್ಣಿಲ್ಲದವರೂ ತಾವಾಗಿ ಬಳಸಬಲ್ಲ ಒಂದೇ ಒಂದು ಪುಟವನ್ನು ಕೊನೆಯವರೆಗೆ ಕಟ್ಟಿದರೆ ಫ್ರಂಟ್‌ಎಂಡಿನ ಬುನಾದಿ ಮುಗಿದಂತೆ. ಏಕೆಂದರೆ ಆಗ ಪ್ರತಿಯೊಂದು ತಪ್ಪಿಗೂ ಅಲ್ಲಿ ತಡೆದು ನಿಲ್ಲುವ ಒಬ್ಬ ಮನುಷ್ಯ ಇರುತ್ತಾನೆ, ಮತ್ತು ನಿಯಮ ಏಕೆ ಇದೆ ಎಂದು ಬಾಯಿಪಾಠ ಮಾಡಬೇಕಾಗುವುದಿಲ್ಲ.

ಪುಟಕ್ಕೆ ಒಂದು ವಸ್ತು

ಉದಾಹರಣೆಗೆ ಊರಿನದೇ ವಸ್ತು ಇಟ್ಟುಕೊಳ್ಳೋಣ: ಉಡುಪಿ ಮಲ್ಲಿಗೆಯ ದಿನದ ದರ. ಕಟಪಾಡಿಯಿಂದ ಒಳಗೆ ಹೋದರೆ ಸಿಗುವ ಶಂಕರಪುರ ಈ ಹೂವಿನ ತವರು. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಹಾಗೆ ಇದಕ್ಕೂ ಜಿಐ ಮಾನ್ಯತೆ ಇದೆ. ಮನೆಯಂಗಳದಲ್ಲಿ ಗಿಡ ಸಾಕಿ, ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟುವವರು ಹೆಚ್ಚಾಗಿ ಹೆಂಗಸರು. 800 ಹೂವು ಒಂದು ಚೆಂಡು, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ, ಅಂದರೆ 3200 ಹೂವು. ಅಟ್ಟೆಯ ದರ ದಿನದಿನವೂ ಬೇರೆ. ಮದುವೆ, ಕೋಲ, ಹಬ್ಬ ಒಟ್ಟಿಗೆ ಬಂದರೆ ಏರುತ್ತದೆ. ಮಳೆಗಾಲದಲ್ಲಿ ಹೂವು ಬಹಳ ಕಡಿಮೆ. ಬಿಸಿಲು ಬಿದ್ದು ಇಳುವರಿ ಹೆಚ್ಚಿದ ವಾರ ಕುಸಿಯುತ್ತದೆ. ದರ ತಿಳಿಯಬೇಕಾದವರು ಬೆಳೆಗಾರರು, ದೇವಸ್ಥಾನದ ಎದುರು ಹೂ ಮಾರುವವರು, ಮದುವೆ ಮನೆಯವರು, ಮುಂಬಯಿಗೆ ಕಳಿಸುವವರು.

ಪುಟದಲ್ಲಿ ಇರಬೇಕಾದದ್ದು ಇಷ್ಟೇ: ಒಂದು ತಲೆಬರಹ, ಇಂದಿನ ದರ, ಕಳೆದ ವಾರದ ದರಗಳ ಕೋಷ್ಟಕ, ಹೂವಿನ ಒಂದು ಚಿತ್ರ, ಎಷ್ಟು ಅಟ್ಟೆ ಯಾವ ದಿನಕ್ಕೆ ಬೇಕು ಎಂದು ತಿಳಿಸುವ ಒಂದು ಅರ್ಜಿ, ಫೋನ್ ಮಾಡಲು ಒಂದು ಕೊಂಡಿ. ಯಾವ ಕಂಪನಿಯ ಲ್ಯಾಂಡಿಂಗ್ ಪೇಜಿನಲ್ಲೂ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಇರುವುದಿಲ್ಲ. ವ್ಯತ್ಯಾಸ ಒಂದೇ. ಕಾಫಿ ಅಂಗಡಿಯ ನಕಲು ಪುಟವನ್ನು ಯಾರೂ ಬಳಸುವುದಿಲ್ಲ. ಇದನ್ನು ನಿಮ್ಮ ನೆರೆಮನೆಯವರು ಬಳಸುತ್ತಾರೆ, ತಪ್ಪಿದ್ದರೆ ಸಂಜೆಯೊಳಗೆ ಹೇಳುತ್ತಾರೆ.

ಅಕ್ಷರ ಅಕ್ಷರವಾಗಿರಲಿ

ಕನ್ನಡದ ಪುಟ ಕಟ್ಟುವವರಿಗೆ ಮೊದಲ ಪಾಠ ಇಂಗ್ಲಿಷ್ ವಿಡಿಯೊಗಳಲ್ಲಿ ಇರುವುದಿಲ್ಲ. ನಮ್ಮಲ್ಲಿ ದರಪಟ್ಟಿ, ನಡಾವಳಿಯ ಆಮಂತ್ರಣ, ಬಯಲಾಟದ ಕರಪತ್ರ ಎಲ್ಲವೂ ವಾಟ್ಸ್‌ಆ್ಯಪಿಗೆ ಬರುವುದು ಹೂಬಳ್ಳಿಯ ಚೌಕಟ್ಟಿನ ಚಿತ್ರವಾಗಿ. ಕಣ್ಣಿಗೆ ಅದು ಬರಹ, ಯಂತ್ರಕ್ಕೆ ಬಣ್ಣದ ಚುಕ್ಕೆಗಳ ರಾಶಿ. ಪರದೆಯ ಮೇಲಿನದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅಲ್ಲಿ ‘ಚಿತ್ರ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಪೊರೆ ಬಂದ ಕಣ್ಣಿನ ಅಜ್ಜಿ ಅಕ್ಷರ ದೊಡ್ಡದು ಮಾಡಲು ಹೋದರೆ ಸಾಲಿನ ಅರ್ಧ ಪರದೆಯ ಆಚೆ ಹೋಗುತ್ತದೆ. ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿ ಇನ್ನೊಬ್ಬರಿಗೆ ಕಳಿಸಲೂ ಬರುವುದಿಲ್ಲ.

ಇದರ ಹಿಂದೆ ಒಂದು ಇತಿಹಾಸವಿದೆ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ತಾಣವನ್ನು ಅಂತರಜಾಲಕ್ಕೆ ತಂದದ್ದು 1996ರಲ್ಲಿ; ಕನ್ನಡ ಟೈಪಿಸಲು ಶೇಷಾದ್ರಿವಾಸು ಅವರ ತಂತ್ರಾಂಶ ‘ಬರಹ’ ಬಂದದ್ದು 1998ರಲ್ಲಿ; ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಆ ದಿನಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಕಾಣುವ ಪದದ ಒಳಗೆ ನಿಜವಾಗಿ ಕೂತಿರುವುದು ಇಂಗ್ಲಿಷಿನ ಪಿ, ಬ್ರಿಟನ್ನಿನ ಪೌಂಡ್ ಚಿಹ್ನೆ, ಕ್ಯೂ, ನಡುನಡುವೆ ತಲೆಯ ಮೇಲೆ ಗೀಟು ಹೊತ್ತ ಎ. ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಹಾಗೆಯೇ ಕಾಣುತ್ತದೆ. ಸ್ಕ್ರೀನ್ ರೀಡರ್ ಅದನ್ನು ಹಾಗೆಯೇ ಓದುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯ ಸಂಕೇತ ಕೊಡುವ ಯುನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದೇ ಜಾಗ ಕೊಟ್ಟಿತ್ತು. ಆದರೂ ಹಳೆಯ ಫಾಂಟಿನ ಕಡತಗಳು ಪ್ರೆಸ್ಸುಗಳಲ್ಲಿ, ಕಚೇರಿಗಳಲ್ಲಿ ಬಹುಕಾಲ ಉಳಿದವು. ಅವುಗಳನ್ನು ಅಂತರಜಾಲಕ್ಕೆ ಹಾಕಲು ಕಂಡ ಸುಲಭದ ದಾರಿ, ಚಿತ್ರ ಮಾಡಿ ಏರಿಸುವುದು.

ಈ ತೊಡಕನ್ನು ಬಿಡಿಸಲು ದುಡಿದವರಲ್ಲಿ ನಮ್ಮ ಜಿಲ್ಲೆಗೆ ಹತ್ತಿರದ ಹೆಸರು ಕೆ.ಪಿ. ರಾವ್ ಅವರದು. ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಅವರು ಟಾಟಾ ಸಂಶೋಧನ ಸಂಸ್ಥೆ, ಮೋನೋಟೈಪ್ ಕಂಪನಿಗಳಲ್ಲಿ ದುಡಿದು, ಮಣಿಪಾಲದಲ್ಲಿ ಪಾಠ ಹೇಳಿದವರು. ಉಚ್ಚಾರಣೆಯನ್ನು ಅನುಸರಿಸಿ ಕನ್ನಡ ಟೈಪಿಸುವ ಅವರ ಕೀಲಿಮಣೆ ವಿನ್ಯಾಸವೇ ಮುಂದೆ ರಾಜ್ಯದ ಮಾನ್ಯತೆ ಪಡೆದು ನುಡಿಯಲ್ಲಿ ಬಂತು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಮ್ಮ ತಂತ್ರಾಂಶವನ್ನು ಅವರು ಯಾರಿಗೆ ಬೇಕಾದರೂ ಉಚಿತವಾಗಿ ಬಿಟ್ಟುಕೊಟ್ಟರು. ಹುಡುಗರು ಇಂದು ಮೊಬೈಲಿನಲ್ಲಿ ಕನ್ನಡ ಒತ್ತುವಾಗ ಈ ಹಿರಿಯರ ದುಡಿಮೆ ನೆನಪಾಗುವುದು ಕಡಿಮೆ. ಅದನ್ನು ಬಳಸಿದರೆ ಸಾಕು, ಅದೇ ಗೌರವ.

ಚಿತ್ರದೊಳಗಿನ ಅಕ್ಷರವನ್ನೂ ಓದುವ ತಂತ್ರಾಂಶ ಬಂದಿದೆಯಲ್ಲ ಎಂದು ಕೇಳಬಹುದು. ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಮಾಡಿದ ‘ಲಿಪಿ ಜ್ಞಾನಿ’ ಕನ್ನಡ ಲಿಪಿಯಲ್ಲಿ ಅಚ್ಚಾದ ಕನ್ನಡವನ್ನಷ್ಟೇ ಅಲ್ಲ, ತುಳು, ಕೊಂಕಣಿ ಪುಟಗಳನ್ನೂ ಓದುತ್ತದೆ. ಹಳೆಯ ಪುಸ್ತಕಗಳಿಗೆ ಅದು ದೊಡ್ಡ ಉಪಕಾರ. ಇಂದು ಬೆಳಿಗ್ಗೆ ನಾವೇ ಟೈಪಿಸಿದ ದರವನ್ನು ಚಿತ್ರ ಮಾಡಿ, ಮತ್ತೆ ಯಂತ್ರದಿಂದ ಊಹಿಸಿ ಓದಿಸುವುದು ಮಾತ್ರ ಅರ್ಥವಿಲ್ಲದ ಕೆಲಸ.

ಮೊದಲು ಎಚ್‌ಟಿಎಂಎಲ್

ಪುಟ ಮೂರು ಪದರಗಳಲ್ಲಿ ಕಟ್ಟಲ್ಪಡುತ್ತದೆ. ಏನಿದೆ ಎಂದು ಹೇಳುವುದು ಎಚ್‌ಟಿಎಂಎಲ್, ಹೇಗೆ ಕಾಣಬೇಕು ಎಂದು ಹೇಳುವುದು ಸಿಎಸ್‌ಎಸ್, ಒತ್ತಿದರೆ ಏನಾಗಬೇಕು ಎಂದು ಹೇಳುವುದು ಜಾವಾಸ್ಕ್ರಿಪ್ಟ್. ಈ ಊರಿನವರಿಗೆ ಇದನ್ನು ತಿಳಿಸಲು ಯಕ್ಷಗಾನ ಸಾಕು. ಅದೇ ಪ್ರಸಂಗ ಬಯಲಾಟವಾಗಿಯೂ ನಡೆಯುತ್ತದೆ, ತಾಳಮದ್ದಳೆಯಾಗಿಯೂ ನಡೆಯುತ್ತದೆ. ತಾಳಮದ್ದಳೆಯಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪದವೂ ಅರ್ಥವೂ ಸೇರಿ ಕಥೆ ಪೂರ್ತಿಯಾಗುತ್ತದೆ. ಎಚ್‌ಟಿಎಂಎಲ್ ಮಾತ್ರ ಇರುವ ಪುಟ ತಾಳಮದ್ದಳೆಯಂತೆ ನಿಲ್ಲಬೇಕು. ಅಷ್ಟರಲ್ಲೇ ದರ ತಿಳಿಯಬೇಕು, ಹೂವಿಗೆ ಬೇಡಿಕೆ ಸಲ್ಲಿಸಲು ಆಗಬೇಕು. ವೇಷ ಆಮೇಲೆ.

ಹಾಗಾಗಿ ಕಲಿಯುವವರಿಗೆ ನನ್ನ ಮೊದಲ ಕಟ್ಟಳೆ: ಪುಟ ಕಿವಿಯಲ್ಲಿ ಪೂರ್ತಿಯಾಗುವ ತನಕ ಸಿಎಸ್‌ಎಸ್ ಕಡತ ತೆರೆಯಬೇಡಿ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಆಗಲೇ ಇದೆ. ಸೆಟ್ಟಿಂಗ್ಸಿನಲ್ಲಿ ತೆರೆದರೆ ಕನ್ನಡದಲ್ಲೇ ಓದುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಇದೆ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ ದೃಷ್ಟಿಹೀನ ತರುಣ, ಇಂಥ ತಂತ್ರಾಂಶಗಳ ದುಬಾರಿ ಬೆಲೆ ಕಂಡು, 2006ರಲ್ಲಿ ತಾನೇ ಬರೆಯಲು ತೊಡಗಿದ್ದು ಅದು. ಇಂದಿಗೂ ಉಚಿತ, ಕನ್ನಡವನ್ನೂ ಓದುತ್ತದೆ.

ಕೇಳುತ್ತ ಹೋದರೆ ಟ್ಯಾಗುಗಳ, ಅಂದರೆ ಯಾವುದು ಏನೆಂದು ಎಚ್‌ಟಿಎಂಎಲ್‌ನಲ್ಲಿ ಹಾಕುವ ಗುರುತುಗಳ, ಅರ್ಥ ತಾನಾಗಿ ತೆರೆಯುತ್ತದೆ. ಕಣ್ಣಿಗೆ ದೊಡ್ಡ ಅಕ್ಷರ ಕಂಡರೆ ಅದು ತಲೆಬರಹ. ಕಿವಿಗೆ ಹಾಗಲ್ಲ, ಹೆಡಿಂಗ್ ಟ್ಯಾಗ್ ಹಾಕಿದ್ದರೆ ಮಾತ್ರ ‘ತಲೆಬರಹ, ಮಟ್ಟ ಒಂದು’ ಎಂದು ಯಂತ್ರ ಹೇಳುತ್ತದೆ. ಸ್ಕ್ರೀನ್ ರೀಡರ್ ಬಳಸುವವರು ಪುಟವನ್ನು ಮೊದಲಿಂದ ಕೊನೆಯ ತನಕ ಕೇಳುತ್ತ ಕೂರುವುದಿಲ್ಲ. ತಲೆಬರಹದಿಂದ ತಲೆಬರಹಕ್ಕೆ ಹಾರುತ್ತಾರೆ, ಕೊಂಡಿಗಳ ಪಟ್ಟಿ ತೆಗೆಯುತ್ತಾರೆ. ಆ ಪಟ್ಟಿಯಲ್ಲಿ ಐದು ಸಲ ‘ಇಲ್ಲಿ ಕ್ಲಿಕ್ ಮಾಡಿ’ ಎಂದೇ ಬಂದರೆ ಯಾವುದು ಎಲ್ಲಿಗೆ ಎಂದು ಹೇಗೆ ತಿಳಿಯಬೇಕು? ‘ಕಳೆದ ವಾರದ ಮಲ್ಲಿಗೆ ದರ’ ಎಂದು ಬರೆದರೆ ಕಣ್ಣಿದ್ದವರಿಗೂ ಒಳ್ಳೆಯದೇ.

ದರದ ಕೋಷ್ಟಕಕ್ಕೆ ನಿಜವಾದ ಟೇಬಲ್ ಟ್ಯಾಗ್ ಬೇಕು. ಅದರಲ್ಲಿ ‘ದಿನ’, ‘ಅಟ್ಟೆಯ ದರ’ ಎಂಬ ಮೇಲುಸಾಲು ಬೇರೆಯಾಗಿ ಗುರುತಾಗಿರಬೇಕು. ಆಗ ಮಧ್ಯದ ಒಂದು ಅಂಕಿಯ ಮೇಲೆ ಬೆರಳಿಟ್ಟರೂ ಯಾವ ದಿನದ್ದು, ಯಾವುದರ ದರ ಎಂದು ಕೇಳಿಸುತ್ತದೆ. ಇಲ್ಲದಿದ್ದರೆ ಬರೀ ಅಂಕಿಗಳ ಮಳೆ. ಹೂವಿನ ಚಿತ್ರಕ್ಕೆ ‘ಆಲ್ಟ್’ ಬರಹ, ಅಂದರೆ ಚಿತ್ರದ ಬದಲು ಓದಿ ಹೇಳುವ ಮಾತು, ಬೇಕು. ‘ಚಿತ್ರ 1’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಮಲ್ಲಿಗೆ ಮೊಗ್ಗಿನ ಚೆಂಡು’ ಎಂದರೆ ಕೊಳ್ಳುವವರಿಗೆ ಬೇಕಾದದ್ದು ಸಿಕ್ಕಿತು. ಅಲಂಕಾರಕ್ಕಷ್ಟೇ ಇರುವ ಬಳ್ಳಿಯ ಚಿತ್ರಕ್ಕೆ ಆಲ್ಟನ್ನು ಖಾಲಿ ಬಿಡಬೇಕು, ಆಗ ಯಂತ್ರ ಅದನ್ನು ಸುಮ್ಮನೆ ದಾಟಿಬಿಡುತ್ತದೆ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಈ ತೀರ್ಮಾನ ಬರವಣಿಗೆಯ ಪಾಠ. ಕಂಪ್ಯೂಟರ್ ಓದುವ ಮಕ್ಕಳಿಗೆ ಕನ್ನಡ ಮೇಷ್ಟ್ರ ಅಗತ್ಯ ಇಲ್ಲಿ ಬೀಳುತ್ತದೆ.

ಅರ್ಜಿಯ ಪ್ರತಿಯೊಂದು ಪೆಟ್ಟಿಗೆಗೂ ‘ಲೇಬಲ್’ ಬೇಕು. ಪೆಟ್ಟಿಗೆಯ ಒಳಗೆ ಮಸುಕಾಗಿ ‘ಹೆಸರು’ ಎಂದು ಬರೆದು ಬಿಡುವ ರೂಢಿ ಇದೆ. ಟೈಪಿಸಲು ತೊಡಗಿದ ಕೂಡಲೇ ಅದು ಮಾಯ, ಮರೆವಿನವರು ಏನು ತುಂಬುತ್ತಿದ್ದೇವೆಂದು ತಿಳಿಯಲು ಬರೆದದ್ದನ್ನು ಅಳಿಸಬೇಕು. ಫೋನ್ ಸಂಖ್ಯೆಯ ಪೆಟ್ಟಿಗೆ ಫೋನಿಗೆ ಸೇರಿದ್ದು ಎಂದು ಎಚ್‌ಟಿಎಂಎಲ್‌ನಲ್ಲೇ ಹೇಳಿದರೆ ಮೊಬೈಲು ತಾನಾಗಿ ಅಂಕಿಗಳ ಕೀಲಿಮಣೆ ತೆರೆದುಕೊಡುತ್ತದೆ. ಒತ್ತುವ ಗುಂಡಿಗೆ ಬಟನ್ ಟ್ಯಾಗನ್ನೇ ಬಳಸಿ. ‘ಡಿವ್’ ಎಂಬ ಅರ್ಥವಿಲ್ಲದ ಡಬ್ಬಕ್ಕೆ ಬಣ್ಣ ಬಳಿದು ಗುಂಡಿಯಂತೆ ಕಾಣಿಸಬಹುದು. ಆದರೆ ಟ್ಯಾಬ್ ಕೀಲಿ ಅದರ ಮೇಲೆ ನಿಲ್ಲುವುದಿಲ್ಲ, ಎಂಟರ್ ಒತ್ತಿದರೆ ನಡೆಯುವುದಿಲ್ಲ, ಸ್ಕ್ರೀನ್ ರೀಡರ್ ಅದನ್ನು ಗುಂಡಿ ಎನ್ನುವುದಿಲ್ಲ. ನಿಜವಾದ ಬಟನ್ ಬರೆದರೆ ಈ ಮೂರೂ ಬ್ರೌಸರಿನಿಂದ ಉಚಿತ.

ಇನ್ನೊಂದು ಸಣ್ಣ ಗುರುತು, ನಮ್ಮ ಭಾಗಕ್ಕೆ ಬಹಳ ಮುಖ್ಯವಾದದ್ದು: ಪುಟದ ಭಾಷೆ ಯಾವುದೆಂದು ಮೊದಲ ಟ್ಯಾಗಿನಲ್ಲೇ ಹೇಳಬೇಕು. ಕನ್ನಡಕ್ಕೆ ‘ಕೆಎನ್’ ಎಂಬ ಎರಡಕ್ಷರ. ಹೆಚ್ಚಿನವರು ಸಿದ್ಧ ನಮೂನೆಯಿಂದ ನಕಲು ಮಾಡುವುದರಿಂದ ಅಲ್ಲಿ ಇಂಗ್ಲಿಷಿನ ಗುರುತೇ ಉಳಿದಿರುತ್ತದೆ. ಆಗ ಎಷ್ಟೋ ಯಂತ್ರಗಳು ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೊರಟು ತಡವರಿಸುತ್ತವೆ, ಇಲ್ಲವೇ ಮೌನವಾಗುತ್ತವೆ. ಹೆಜಮಾಡಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲವೂ ಮಾತಾಗಿ ನಡೆಯುತ್ತವೆ. ತುಳುವಿಗೂ ‘ಟಿಸಿವೈ’ ಎಂಬ ಸಂಕೇತವಿದೆ; ತುಳು ವಿಕಿಪೀಡಿಯ 2016ರಲ್ಲಿ ತೆರೆಯಿತು; ತುಳು–ತಿಗಳಾರಿ ಲಿಪಿ 2024ರಲ್ಲಿ ಯುನಿಕೋಡಿಗೆ ಸೇರಿತು. ತುಳು ಸಾಲನ್ನು ತುಳು ಎಂದು ಇಂದೇ ಗುರುತಿಸಿಡುವುದು ಒಳ್ಳೆಯದು. ನಾಳೆ ಒಳ್ಳೆಯ ತುಳು ದನಿ ಬಂದಾಗ ಹಳೆಯ ಪುಟಗಳೂ ತಿದ್ದುಪಡಿಯಿಲ್ಲದೆ ತುಳುವಿನಲ್ಲಿ ಮಾತಾಡುತ್ತವೆ.

ಆಮೇಲೆ ವೇಷ

ಈಗ ಸಿಎಸ್‌ಎಸ್. ಮಲ್ಲಿಗೆಯ ಪುಟ ಎಂದ ಕೂಡಲೇ ಬಿಳಿ, ಹಸಿರು ನೆನಪಾಗುತ್ತವೆ. ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಬೆಳಕಿನ ಅಂತರಕ್ಕೆ ಅಳತೆ ಇದೆ: ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಬಿಳಿಯ ಮೇಲೆ ಕಪ್ಪು 21ಕ್ಕೆ 1. #008000 ಎಂಬ ಬಣ್ಣಸಂಕೇತದ ಹಸಿರಿನ ಮೇಲೆ ಬಿಳಿ ಅಕ್ಷರ 5ನ್ನು ದಾಟುತ್ತದೆ, ಪಾಸು. ಸ್ವಲ್ಪ ತಿಳಿಯಾದ #009900 ಆದರೆ 4ಕ್ಕೂ ಕೆಳಗೆ, ಸಣ್ಣ ಅಕ್ಷರಕ್ಕೆ ನಪಾಸು. ಬಿಳಿಯ ಮೇಲೆ ಬೂದುಬಣ್ಣ #777777 ಕೂದಲೆಳೆಯಲ್ಲಿ ಸೋಲುತ್ತದೆ, #767676 ಗೆಲ್ಲುತ್ತದೆ. ಈ ಲೆಕ್ಕ ಕಲಿತವರು ‘ನನಗೆ ಚಂದ ಕಾಣುತ್ತದೆ’ ಎಂಬ ವಾದವನ್ನು ಬಿಡುತ್ತಾರೆ. ನಡುಮಧ್ಯಾಹ್ನ ಕಡಲಕರೆಯ ಬಿಸಿಲಲ್ಲಿ ಫೋನ್ ಹಿಡಿದು ನಿಂತರೆ ಒಳ್ಳೆಯ ಕಣ್ಣಿನವರಿಗೂ ಈ ಲೆಕ್ಕದ ಬೆಲೆ ತಿಳಿಯುತ್ತದೆ.

ಬಣ್ಣವೊಂದರಿಂದಲೇ ಸುದ್ದಿ ಹೇಳಬಾರದು. ದರ ಏರಿದರೆ ಹಸಿರು ಚುಕ್ಕೆ, ಇಳಿದರೆ ಕೆಂಪು ಚುಕ್ಕೆ ಇಟ್ಟರೆ ಆ ಎರಡು ಬಣ್ಣ ಬೇರೆ ತಿಳಿಯದವರಿಗೆ ಎರಡೂ ಒಂದೇ. ‘ಏರಿದೆ’, ‘ಇಳಿದಿದೆ’ ಎಂದು ಬರೆಯಿರಿ. ಟ್ಯಾಬ್ ಒತ್ತಿದಾಗ ಯಾವ ಗುಂಡಿಯ ಮೇಲಿದ್ದೇವೆಂದು ತೋರಿಸುವ ಅಂಚುಗೆರೆಯನ್ನು ಅಂದಗೇಡೆಂದು ತೆಗೆದುಬಿಡುವ ಚಾಳಿ ಬಹಳ ಕಡೆ ಇದೆ; ಮೌಸ್ ಹಿಡಿಯಲಾಗದವರಿಗೆ ಆ ಗೆರೆಯೇ ದಾರಿ. ಕನ್ನಡ ತಾಣಗಳಿಗೆ ಪ್ರಿಯವಾದ ‘ಓಡುವ ಸಾಲು’ ಐದು ಸೆಕೆಂಡಿಗಿಂತ ಹೆಚ್ಚು ಓಡಿದರೆ ನಿಲ್ಲಿಸಲು ಒಂದು ಗುಂಡಿ ಇರಲೇಬೇಕೆಂಬುದು ನಿಯಮ. ಓಡಿಸದಿರುವುದು ಇನ್ನೂ ಸುಲಭ.

ಕನ್ನಡಕ್ಕೆ ಇಲ್ಲಿಯೂ ಬೇರೆಯೇ ಪಾಠಗಳಿವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗುಂಡಿಗೆ ಇಷ್ಟೇ ಎತ್ತರವೆಂದು ಬಿಗಿ ಮಾಡಿದರೆ ‘ಅಟ್ಟೆ’ಯ ಟ-ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆ ಬೇಡ; ಎತ್ತರವನ್ನು ಬಿಗಿ ಮಾಡದೆ ಒಳಗಿನ ಅಂತರವನ್ನಷ್ಟೇ ಕೊಡಿ. ಕನ್ನಡಕ್ಕೆ ಓರೆ ಅಕ್ಷರದ ಸಂಪ್ರದಾಯವಿಲ್ಲ, ಬ್ರೌಸರ್ ಬಲವಂತವಾಗಿ ಓರೆ ಮಾಡಿದ್ದು ಓದಲು ಕಷ್ಟ. ಪರದೆಯನ್ನು ಎರಡು ಪಟ್ಟು ಹಿಗ್ಗಿಸಿ ನೋಡಿ, ಏನೂ ಮರೆಯಾಗಬಾರದು. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇರಬೇಕೆಂದು ಹೊಸ ನಿಯಮ ಹೇಳುತ್ತದೆ, 44 ಇದ್ದರೆ ನಡುಗುವ ಬೆರಳಿಗೂ, ಒದ್ದೆ ಕೈಗೂ ಅನುಕೂಲ.

ಕೊನೆಗೆ ಜಾವಾಸ್ಕ್ರಿಪ್ಟ್. ಎರಡು ಅಟ್ಟೆ ಬೇಕೆಂದು ತುಂಬಿದೊಡನೆ ಒಟ್ಟು ಮೊತ್ತ ಕೆಳಗೆ ಕಾಣುತ್ತದೆ ಎನ್ನಿ. ಕಣ್ಣಿದ್ದವರಿಗೆ ಕಂಡಿತು, ಕಿವಿಯಿಂದ ಬಳಸುವವರಿಗೆ ಪುಟದ ಇನ್ನೊಂದು ಮೂಲೆಯಲ್ಲಿ ಬದಲಾದದ್ದು ಗೊತ್ತೇ ಆಗುವುದಿಲ್ಲ. ಬದಲಾಗುವ ಆ ಜಾಗವನ್ನು ‘ಲೈವ್’ ಎಂದು ಗುರುತಿಸಿದರೆ ಯಂತ್ರ ಮೊತ್ತವನ್ನು ತಾನಾಗಿ ಹೇಳುತ್ತದೆ. ಇದು ‘ಏರಿಯಾ’ (ARIA) ಎಂಬ ಗುರುತುಗಳ ಗುಂಪಿಗೆ ಸೇರಿದ್ದು. ಅದರ ಮೊದಲ ನಿಯಮವೇ ವಿಚಿತ್ರ: ಎಚ್‌ಟಿಎಂಎಲ್‌ನಲ್ಲೇ ದಾರಿಯಿದ್ದರೆ ಏರಿಯಾ ಬಳಸಬೇಡಿ. ಫೋನ್ ಸಂಖ್ಯೆಯಲ್ಲಿ ಒಂದಂಕಿ ಕಡಿಮೆಯಾದಾಗ ಪೆಟ್ಟಿಗೆ ಕೆಂಪಾದರೆ ಸಾಲದು. ‘ಹತ್ತು ಅಂಕಿ ಬೇಕು, ಒಂಬತ್ತು ಇವೆ’ ಎಂದು ಮಾತಿನಲ್ಲಿ ಬರಬೇಕು, ತುಂಬುವವರನ್ನು ಅದೇ ಪೆಟ್ಟಿಗೆಗೆ ಕರೆದೊಯ್ಯಬೇಕು.

ಪರೀಕ್ಷೆ ಮತ್ತು ಕಾನೂನು

ಈವರೆಗೆ ಹೇಳಿದ ಅಳತೆ, ನಿಯಮಗಳು ಯಾರೋ ಒಬ್ಬರ ಇಷ್ಟಾನಿಷ್ಟಗಳಲ್ಲ. ಟಿಮ್ ಬರ್ನರ್ಸ್-ಲೀ 1994ರಲ್ಲಿ ಕಟ್ಟಿದ ಡಬ್ಲ್ಯು3ಸಿ ಒಕ್ಕೂಟ 1997ರಲ್ಲೇ ಸುಗಮ್ಯತೆಗೆ ಬೇರೆ ವಿಭಾಗ ತೆರೆಯಿತು. ಅದರ ಮಾರ್ಗಸೂತ್ರಗಳು 1999ರಲ್ಲಿ ಬಂದು, 2008ರಲ್ಲಿ ಹೊಸದಾಗಿ, 2018 ಮತ್ತು 2023ರಲ್ಲಿ ವಿಸ್ತಾರವಾದವು. ಅವುಗಳ ನಾಲ್ಕು ಕಂಬಗಳು: ಗ್ರಹಿಸಲು ಬರಬೇಕು, ನಡೆಸಲು ಬರಬೇಕು, ಅರ್ಥವಾಗಬೇಕು, ಯಾವ ಸಾಧನದಲ್ಲಿ ತೆರೆದರೂ ಉಳಿಯಬೇಕು.

ಇಷ್ಟಿದ್ದೂ ಜಗತ್ತು ಎಲ್ಲಿದೆ? ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ವೆಬ್‌ಏಮ್ ಕೇಂದ್ರ ಪ್ರತಿವರ್ಷ ಹೆಚ್ಚು ಜನ ಭೇಟಿಕೊಡುವ ಹತ್ತು ಲಕ್ಷ ತಾಣಗಳ ಮೊದಲ ಪುಟವನ್ನು ಯಂತ್ರದಿಂದ ಪರೀಕ್ಷಿಸುತ್ತದೆ. 2025ರಲ್ಲಿ ಶೇ. 94.8 ಪುಟಗಳಲ್ಲಿ ದೋಷ ಸಿಕ್ಕಿತು. ಶೇ. 79.1 ಪುಟಗಳಲ್ಲಿ ಮಸುಕು ಅಕ್ಷರ. ಉಳಿದ ಸಾಮಾನ್ಯ ತಪ್ಪುಗಳು: ಆಲ್ಟ್ ಇಲ್ಲದ ಚಿತ್ರ, ಲೇಬಲ್ ಇಲ್ಲದ ಪೆಟ್ಟಿಗೆ, ಖಾಲಿ ಕೊಂಡಿ, ಖಾಲಿ ಗುಂಡಿ, ಭಾಷೆ ಹೇಳದ ಪುಟ. ನಾನು ಈವರೆಗೆ ಹೇಳಿದ ಮಲ್ಲಿಗೆ ಪುಟದ ಪಾಠಗಳೇ ಇವು. ದೊಡ್ಡ ಕಂಪನಿಗಳು ಎಡವುವ ಜಾಗವನ್ನು ಮೊದಲ ಪುಟದಲ್ಲೇ ದಾಟಿದ ವಿದ್ಯಾರ್ಥಿ ಹಿಂದೆ ಬೀಳುವುದಿಲ್ಲ.

ಲೈಟ್‌ಹೌಸ್, ಆಕ್ಸ್ ಮೊದಲಾದ ಉಚಿತ ಉಪಕರಣಗಳು ಈ ತಪ್ಪುಗಳನ್ನು ಕ್ಷಣದಲ್ಲಿ ಹಿಡಿಯುತ್ತವೆ. ಆದರೆ ಚೆಂಡಿನ ಚಿತ್ರಕ್ಕೆ ‘ದೋಣಿ’ ಎಂದು ಆಲ್ಟ್ ಬರೆದರೂ ಉಪಕರಣ ಪಾಸು ಮಾಡುತ್ತದೆ. ಹಾಗಾಗಿ ಮೂರು ಪರೀಕ್ಷೆ ಕೈಯಾರೆ ಮಾಡಿ. ಮೌಸ್ ಬದಿಗಿಟ್ಟು ಟ್ಯಾಬ್, ಎಂಟರ್‌ಗಳಿಂದಲೇ ಹೂವಿಗೆ ಬೇಡಿಕೆ ಸಲ್ಲಿಸಿ. ಪರದೆ ಕಪ್ಪು ಮಾಡಿ ಟಾಕ್‌ಬ್ಯಾಕ್‌ನಿಂದ ಸಲ್ಲಿಸಿ. ಕೊನೆಗೆ, ದಿನವೂ ಸ್ಕ್ರೀನ್ ರೀಡರಿನಲ್ಲೇ ಬದುಕುವ ಒಬ್ಬರಿಂದ ಪರೀಕ್ಷೆ ಮಾಡಿಸಿ, ಅವರ ಸಮಯಕ್ಕೆ ಸಂಬಳ ಕೊಡಿ. ಕಣ್ಣು ಮುಚ್ಚಿ ನೋಡಿದ ಮಾತ್ರಕ್ಕೆ ಅವರ ಅನುಭವ ನಮಗೆ ಬರುವುದಿಲ್ಲ. ಅವರ ವೇಗವೂ ಜಾಣ್ಮೆಯೂ ಬೇರೆಯೇ.

ಇದು ದಯೆಯ ಮಾತೂ ಅಲ್ಲ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಅದು ಹಳೆಯ, ಕಿರಿದಾದ ಪಟ್ಟಿಯ ಲೆಕ್ಕ. 1995ರ ಕಾಯ್ದೆಯಲ್ಲಿ ಏಳೇ ಬಗೆಗಳಿದ್ದವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿ, ಮಾಹಿತಿ ತಂತ್ರಜ್ಞಾನವೂ ಅವರಿಗೆ ಸಿಗಬೇಕೆಂದಿತು. ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಸುಗಮ್ಯತೆಯ ನಿಯಮಗಳು ಬರೀ ಸಲಹೆಯಾಗಿ ಉಳಿಯಲಾಗದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೌಲಭ್ಯ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸಾರಿತು. ಬ್ಯಾಂಕಿನ ಕೆವೈಸಿಗಾಗಿ ಕ್ಯಾಮೆರಾದೆದುರು ಕಣ್ಣು ಮಿಟುಕಿಸಿ ಎಂದರೆ, ಆ್ಯಸಿಡ್ ದಾಳಿಗೆ ಕಣ್ಣು ಬಲಿಯಾದವರು ಏನು ಮಾಡಬೇಕು ಎಂಬುದು ಅಲ್ಲಿನ ಪ್ರಶ್ನೆ. ಇನ್ನು ಮುಂದೆ ಈ ವಿದ್ಯೆ ತಿಳಿದ ಕೈಗಳು ಬ್ಯಾಂಕಿಗೂ ಬೇಕು, ಸರ್ಕಾರಕ್ಕೂ ಬೇಕು.

ಎರಡು ಆಕ್ಷೇಪ

ಕಂಪನಿಗಳು ಕೇಳುವುದು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಉಪಕರಣವನ್ನಲ್ಲವೇ ಎಂದು ತಂದೆತಾಯಿಗಳು ಕೇಳುತ್ತಾರೆ. ಕಲಿಯಲಿ. ರಿಯಾಕ್ಟ್ ಕೊನೆಗೆ ಬ್ರೌಸರಿಗೆ ಕೊಡುವುದು ಎಚ್‌ಟಿಎಂಎಲ್ ಅನ್ನೇ. ಅದು ಗೊತ್ತಿಲ್ಲದವರು ರಿಯಾಕ್ಟಿನಲ್ಲೂ ಡಿವ್ ರಾಶಿಯನ್ನೇ ಕಟ್ಟುತ್ತಾರೆ. ಎಐ ಇಡೀ ಪುಟವನ್ನೇ ಬರೆದುಕೊಡುತ್ತದಲ್ಲ, ನಾವೇಕೆ ಕಲಿಯಬೇಕು ಎನ್ನುವುದು ಮಕ್ಕಳ ಪ್ರಶ್ನೆ. ಬರೆದುಕೊಡುತ್ತದೆ, ಚಂದವಾಗಿಯೂ ಕಾಣುತ್ತದೆ. ದೋಷ ತುಂಬಿದ ಪುಟಗಳೇ ಹೆಚ್ಚಿರುವ ಅಂತರಜಾಲವನ್ನು ಓದಿ ಕಲಿತ ಯಂತ್ರ ಅದೇ ದೋಷಗಳನ್ನೂ ಒಪ್ಪವಾಗಿ ಬರೆಯಬಲ್ಲದು. ಕಣ್ಣಿಗೆ ಕಾಣದ ದೋಷವನ್ನು ಕಿವಿಯಿಂದ ಹಿಡಿಯಬಲ್ಲ, ಕನ್ನಡದ ಆಲ್ಟ್ ಬರಹ ಸರಿಯೇ ಎಂದು ತೂಗಬಲ್ಲ ಮನುಷ್ಯನಿಗೆ ಆಗ ಕೆಲಸ ಹೆಚ್ಚುತ್ತದೆ.

ಕೊನೆಯದಾಗಿ ಒಂದು ಸೂಚನೆ. ಈ ಊರಿನ ವಿದ್ಯಾರ್ಥಿಗಳು ನಾಲ್ಕೈದು ಮಂದಿ ಸೇರಿ ತಂಡ ಕಟ್ಟಿಕೊಳ್ಳಿ. ಒಂದು ತಂಡ ಹೂವಿನ ದರ ತೆಗೆದುಕೊಳ್ಳಲಿ, ಒಂದು ಗ್ರಂಥಾಲಯದ ಸಮಯ, ಒಂದು ಬಯಲಾಟದ ಆಮಂತ್ರಣ, ಒಂದು ಕಡಲಿಗಿಳಿಯುವವರಿಗೆ ಹವಾಮಾನದ ಎಚ್ಚರಿಕೆ. ತಂಡಕ್ಕೊಂದೇ ಪುಟ, ಹೆಚ್ಚು ಬೇಡ. ಪರೀಕ್ಷೆ ಮಾಡುವವರ ಸಂಬಳಕ್ಕೆ ದತ್ತಿಯ ಬಡ್ಡಿಯಲ್ಲಿ ಒಂದು ಪಾಲು ಇಡಬಹುದೇ ಎಂದು ಹಿರಿಯರು ಯೋಚಿಸಲಿ. ಕೆಲಸ ಕೇಳಿಕೊಂಡು ಹೋದಾಗ ಪ್ರಮಾಣಪತ್ರದ ಜೊತೆಗೆ ಆ ಪುಟದ ವಿಳಾಸ ಕೊಡಿ. ಪರೀಕ್ಷಿಸಿದವರು ಎಲ್ಲೆಲ್ಲಿ ತಡೆದು ನಿಂತರು, ನೀವು ಏನೇನು ಬದಲಿಸಿದಿರಿ ಎಂಬ ಪಟ್ಟಿಯನ್ನೂ ಕೊಡಿ. ಹೊಸಬರನ್ನು ಆರಿಸಲು ಕೂತಾಗ ನಾನು ಮೊದಲು ಓದುವುದು ಆ ಪಟ್ಟಿಯನ್ನೇ.